ಸಕಾರಕ್ಕೆ ಸುರಿದ ತೀರ್ಥ

ಎಳೆಕೂಸಿರುವ ಮನೆಯ ಗಂಡಸು ಹೇಳುವ ಯಾವ ಕಥೆಯನ್ನೂ ಪೂರ್ತಿ ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿದ್ದೆಗೆಟ್ಟವನ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಒಪ್ಪಿತೆಂದರೆ ಆ ನ್ಯಾಯಾಧೀಶರ ಮನೆಯಲ್ಲೂ ಒಂದು ಹಸುಗೂಸಿದೆ ಎಂದೇ ತಿಳಿಯಬೇಕು. ನಮ್ಮ ಪುಟ್ಟಿ ಹುಟ್ಟಿದ ಮೇಲಿನ ಮೊದಲ ತಿಂಗಳುಗಳು ನನ್ನ ತಲೆಯಲ್ಲಿ ವಾಷಿಂಗ್ ಮೆಷಿನ್ನಿನಿಂದ ಆಗಷ್ಟೇ ತೆಗೆದ ಬಟ್ಟೆಗಳ ಹಾಗೆ ಒಂದಕ್ಕೊಂದು ಸುತ್ತಿಕೊಂಡು ಬಿದ್ದಿವೆ. ಕಾಲುಚೀಲ ಎಳೆದರೆ ದುಪಟ್ಟಾ ಬರುತ್ತದೆ, ದುಪಟ್ಟಾ ಎಳೆದರೆ ಮಗುವಿನ ಟೋಪಿ ಬೀಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿದರೆ ಧಾರಾಳವಾಗಿ ಹೇಳುತ್ತೇನೆ. ಆದರೆ ಅದು ಹೇಳುವ ಹೊತ್ತಿಗೆ ಮಡಚಿ ಇಸ್ತ್ರಿ ಹಾಕಿದ್ದು. ಒಂದು ವಿಷಯದಲ್ಲಿ ಮಾತ್ರ ನನ್ನ ನೆನಪನ್ನು ಯಾರೂ ಅಲುಗಾಡಿಸಲಾರರು. ಕೊನೆಗೆ ಗೆದ್ದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮಧ್ಯದಲ್ಲಿ ನಿಮಗೆ ಹಾಗೆ ಅನ್ನಿಸದೇ ಹೋಗಬಹುದು.

ನನಗೆ ಶ ಬರುವುದಿಲ್ಲ. ಬರೆಯಲು ಬರುತ್ತದೆ, ಓದಲು ಬರುತ್ತದೆ, ಕಿವಿಗೆ ಬಿದ್ದರೆ ಗೊತ್ತಾಗುತ್ತದೆ. ನನ್ನ ಬಾಯಿಂದ ಹೊರಡುವಾಗ ಮಾತ್ರ ಹೊಟ್ಟೆ ಸೀಳಿದ ಷ ಆಗಲಿ, ಸೀಳದ ಶ ಆಗಲಿ, ಎಲ್ಲವೂ ಒಂದೇ ಬಾಗಿಲಿನಿಂದ ಸ ಆಗಿ ಹೊರಬರುತ್ತವೆ. ಮಳವಳ್ಳಿಯ ಕಡೆಯ ನಮ್ಮೂರಿನಲ್ಲಿ ಇದು ಯಾರಿಗೂ ಒಂದು ವಿಷಯವೇ ಆಗಿರಲಿಲ್ಲ. ಸನಿವಾರ ಸಾಂತಮ್ಮ ಸಂತೆಗೆ ಹೋದಳು ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಸಾಂತಮ್ಮನಿಗೂ. ಶಾಲೆಗೆ ಕರಾವಳಿಯ ಕಡೆಯ ಮೇಷ್ಟ್ರೊಬ್ಬರು ಬಂದ ಮೇಲೆ ಕಷ್ಟ ಶುರುವಾಯಿತು. 'ಶಂಖದಿಂದ ಬಂದರೇ ತೀರ್ಥ' ಎಂಬ ಗಾದೆಯನ್ನು ಹೇಳು ಎಂದರು. ನಾನು 'ಸಂಕದಿಂದ ಬಂದ್ರೇ ತೀರ್ಥ' ಎಂದೆ. ಅವರು ತಲೆಯ ಮೇಲೆ ಕೈ ಹೊತ್ತು, "ಮಾರಾಯ, ಸಂಕ ಅಂದ್ರೆ ನಮ್ಮಲ್ಲಿ ಹಳ್ಳ ದಾಟುವ ಕಾಲುಸೇತುವೆ. ಅದರಿಂದ ಬರುವುದು ತೀರ್ಥ ಅಲ್ಲ, ಕಾಲು ಜಾರಿ ಬಿದ್ದವನು" ಎಂದರು. ಇದು ನನಗೆ ನಡೆದದ್ದೋ, ಪಕ್ಕದ ಬೆಂಚಿನವನಿಗೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಅರ್ಧ ತರಗತಿಗೆ ಶ ಬರುತ್ತಿರಲಿಲ್ಲ. ಅಷ್ಟು ಜನರ ಅವಮಾನವನ್ನು ಯಾರಾದರೊಬ್ಬರು ಇಟ್ಟುಕೊಳ್ಳಬೇಕಲ್ಲ ಎಂದು ನಾನೇ ಇಟ್ಟುಕೊಂಡಿದ್ದೇನೆ.

ದೊಡ್ಡವನಾದ ಮೇಲೆ ಶ ಇಲ್ಲದೆಯೂ ಬದುಕು ಸಾಗುತ್ತದೆ ಎಂದು ತಿಳಿಯಿತು. ನಾನು ಸಿಡ್ನಿಗೆ ಬಂದು ನೆಲೆಸಿದ್ದರಲ್ಲೂ ಒಂದು ದೈವಸಂಕಲ್ಪವಿದೆ: ಸಿಡ್ನಿ, ಮೆಲ್ಬರ್ನ್, ಬ್ಲ್ಯಾಕ್‌ಟೌನ್, ಎಲ್ಲವೂ ನನ್ನ ನಾಲಗೆಗೆ ಅಳತೆ ತೆಗೆದು ಹೊಲಿಸಿದ ಹಾಗಿವೆ. ವಾಷಿಂಗ್ಟನ್ನಿನಲ್ಲಿ ಕೆಲಸ ಸಿಕ್ಕಿದ್ದರೆ ನಾನು ಊರಿನ ಹೆಸರು ಹೇಳಲಾಗದೆ ವಾಪಸು ಬರಬೇಕಿತ್ತು. ತೊಂದರೆ ಇರುವುದು ನನ್ನ ಹೆಸರಿನಲ್ಲೇ. ಸುರೇಶ. ಮೊದಲ ಅಕ್ಷರ ಸ, ಕೊನೆಯದು ಶ. ಹೊಸ್ತಿಲಲ್ಲಿ ಸುಖವಾಗಿ ನಡೆದು ಹಿತ್ತಲಲ್ಲಿ ಎಡವಿ ಬೀಳುವ ಹೆಸರು. ಸಿಡ್ನಿಯ ನಾರ್ವೆಸ್ಟ್ ಬಡಾವಣೆಯ ನನ್ನ ಆಫೀಸಿನ ಕೆಳಗೆ ಕಾಫಿ ಮಾಡುವ ಹುಡುಗಿ ಹೆಸರು ಕೇಳಿ, ನಾನು 'ಸುರೇಸ್' ಎಂದರೆ, 'ಸುರೇಶ್ ತಾನೇ?' ಎಂದು ತಿದ್ದಿ ಬರೆದುಕೊಳ್ಳುತ್ತಾಳೆ.

ಇಂಥವನಿಗೆ ದೊರೆತ ಹೆಂಡತಿಯ ಹೆಸರು ಶಶಿರೇಖಾ. ಮನೆಯಲ್ಲಿ ಶಶಿ. ನನ್ನ ಬಾಯಲ್ಲಿ ಸಸಿ. ಚಂದ್ರನಾಗಿ ಹುಟ್ಟಿದವಳು ಮದುವೆಯಾದ ದಿನದಿಂದ ಗಿಡವಾಗಿದ್ದಾಳೆ. ಅವಳೇನೋ ಒಗ್ಗಿಕೊಂಡಳು, ಒಗ್ಗದೇ ಉಳಿದವರು ಅವಳ ತಾಯಿ, ಮೈಸೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ನನ್ನ ಅತ್ತೆ. ಹೆಣ್ಣು ನೋಡಲು ಹೋದ ದಿನ ಅವರು ನನ್ನ ಹೆಸರು ಕೇಳಿದರು, ನಾನು ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಕೊನೇದು ಯಾವುದು?" ಎಂದರು. ನಾನು ಮನೆಯಲ್ಲಿ ಕೊನೆಯ ಮಗ ಯಾರು ಎಂದು ಕೇಳುತ್ತಿದ್ದಾರೆ ಎಂದುಕೊಂಡು, "ನಾನೇ" ಎಂದೆ. "ಅಲ್ಲ, ಕೊನೇ ಅಕ್ಷರ" ಎಂದರು. ಅಲ್ಲಿಂದ ನಮ್ಮಿಬ್ಬರ ನಡುವೆ ಗೌರವಕ್ಕೆ ಕೊರತೆ ಇಲ್ಲ, ಶಕಾರಕ್ಕೆ ಮಾತ್ರ ಇದೆ.

ಪುಟ್ಟಿ ಹುಟ್ಟುವ ಹೊತ್ತಿಗೆ ಅತ್ತೆ ಬಾಣಂತನಕ್ಕೆ ಬಂದರು. ಸೂಟ್‌ಕೇಸಿನಲ್ಲಿ ಬಜೆ, ಜಾಯಿಕಾಯಿ ತರಲು ಹೋಗಿ ಏರ್‌ಪೋರ್ಟಿನಲ್ಲಿ ಅವನ್ನೆಲ್ಲ ಬಿಟ್ಟುಕೊಟ್ಟು ಬಂದರು. ಆದರೆ ಬಾಯಲ್ಲಿ ತಂದದ್ದನ್ನು ಯಾವ ಕಸ್ಟಮ್ಸಿನವರೂ ಹಿಡಿಯಲಿಲ್ಲ. ಅದು ಒಂದು ಸದ್ದು. ಲಾಂಡ್ರಿ ಕೋಣೆಯ ಟೈಲ್ಸ್ ಮೇಲೆ ಮಣೆ ಹಾಕಿ, ಕಾಲು ನೀಡಿ ಕೂತು, ಎರಡು ಪಾದಗಳ ನಡುವೆ ಮಗುವನ್ನು ಕೂರಿಸಿಕೊಂಡು, ತುಟಿ ಅಗಲಿಸಿ 'ಸ್ಸ್ಸ್...' ಎನ್ನುತ್ತಿದ್ದರು. ನಮ್ಮ ಕಡೆ ಕೂಸಿಗೆ ಉಚ್ಚೆ ಮಾಡಿಸುವ ರೀತಿ ಇದೇ. ಮೊದಮೊದಲು ಪುಟ್ಟಿ ಅವರ ಮುಖ ನೋಡುತ್ತಿದ್ದಳು. ಆಮೇಲಾಮೇಲೆ ಸದ್ದು ಕೇಳಿದ್ದೇ ತಡ, ನಲ್ಲಿ ತಿರುಗಿಸಿದ ಹಾಗೆ. "ನ್ಯಾಪಿಯಂತೆ ನ್ಯಾಪಿ! ಹೊತ್ತುಹೊತ್ತಿಗೆ ಹಿಡಿದ್ರೆ ಮಗು ಯಾಕೆ ಒದ್ದೆ ಮಾಡ್ಕೊಳತ್ತೆ?" ಎಂದು ಅತ್ತೆ ಹಗಲಿನಲ್ಲಿ ಲಂಗೋಟಿಯ ರಾಜ್ಯ ಸ್ಥಾಪಿಸಿದರು.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಇನ್ನೊಂದು ಸದ್ದು ಬೆಳೆಯುತ್ತಿತ್ತು. ಶಶಿ ಹೋಗುತ್ತಿದ್ದ ತಾಯಂದಿರ ಗುಂಪಿನಲ್ಲಿ ಒಬ್ಬ ನರ್ಸ್ ಮಕ್ಕಳನ್ನು ಮಲಗಿಸುವ ವಿದ್ಯೆ ಹೇಳಿಕೊಟ್ಟಿದ್ದರು. ಮಗುವನ್ನು ಎದೆಗೆ ಒತ್ತಿಕೊಂಡು, ಬೆನ್ನು ತಟ್ಟುತ್ತ, ಕಿವಿಯ ಹತ್ತಿರ ಬಿಡದೆ 'ಶ್ಶ್ಶ್...' ಎನ್ನಬೇಕು. ತಾಯಿಯ ಹೊಟ್ಟೆಯೊಳಗೆ ಇಂಥದೇ ಸದ್ದು ಕೇಳುತ್ತಿರುತ್ತದಂತೆ; ಕೇಳಿದರೆ ಮಗು ಊರಿಗೆ ಬಂದ ಹಾಗೆ ನಿದ್ದೆ ಹೋಗುತ್ತದಂತೆ. ಪುಟ್ಟಿ ಹಾಗೆಯೇ ಹೋಗುತ್ತಿದ್ದಳು. ಹೀಗೆ ನಮ್ಮ ಮನೆಯಲ್ಲಿ ಕಾನೂನು ಸ್ಪಷ್ಟವಾಗಿತ್ತು: ದಂತ್ಯ ಸಕಾರಕ್ಕೆ ಉಚ್ಚೆ, ತಾಲವ್ಯ ಶಕಾರಕ್ಕೆ ನಿದ್ದೆ. ಜಗತ್ತಿನ ಯಾವ ಕನ್ನಡ ವಿದ್ಯಾರ್ಥಿಯೂ ಇಷ್ಟು ಎಳೆಯ ವಯಸ್ಸಿನಲ್ಲಿ ಸ, ಶ ಭೇದವನ್ನು ಇಷ್ಟು ಆಳವಾಗಿ ಅರಗಿಸಿಕೊಂಡಿರಲಾರ.

ಈ ಸುಶಿಕ್ಷಿತ ಕೂಸನ್ನು ಮಲಗಿಸುವ ಹೊಣೆ ಮಧ್ಯಾಹ್ನಗಳಲ್ಲಿ ನನಗೆ ಬಿತ್ತು. ವಾರದಲ್ಲಿ ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಎರಡು ಮೀಟಿಂಗುಗಳ ನಡುವೆ ಪುಟ್ಟಿಯನ್ನು ಎತ್ತಿಕೊಂಡು, ಬೆನ್ನು ತಟ್ಟಿ, ಶಶಿ ಹೇಳಿಕೊಟ್ಟ ಹಾಗೆಯೇ ಸದ್ದು ಮಾಡುತ್ತಿದ್ದೆ. ಪುಟ್ಟಿ ಕಣ್ಣರಳಿಸಿ ನನ್ನನ್ನು ನೋಡುತ್ತಿದ್ದಳು, ಒಂದು ಕ್ಷಣ ಗಂಭೀರಳಾಗುತ್ತಿದ್ದಳು, ಆಮೇಲೆ ನನ್ನ ಅಂಗಿ ಬೆಚ್ಚಗಾಗುತ್ತಿತ್ತು. ಪ್ರತಿ ಸಲವೂ. ಶಶಿ ಎತ್ತಿಕೊಂಡರೆ ನಿದ್ದೆ, ಅತ್ತೆ ಎತ್ತಿಕೊಂಡರೆ ನಗು, ನಾನು ಎತ್ತಿಕೊಂಡರೆ ಅಭಿಷೇಕ. ಕಾರಣ ಹುಡುಕಲು ನಾವು ಬಿಟ್ಟ ದಾರಿಯಿಲ್ಲ. ನನ್ನ ಕೈ ತಣ್ಣಗಿದೆ ಎಂದು ಕೈ ಕಾಯಿಸಿಕೊಂಡೆ. ಶೇವಿಂಗ್ ಲೋಷನ್ನಿನ ವಾಸನೆ ಎಂದು ಗಡ್ಡ ಬಿಟ್ಟೆ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ, "ಒಳ್ಳೇದಾಯ್ತು ಬುಡ್ಲಾ ಮಗ, ಹೆಣ್ಣುಕೂಸು ಮೈಮ್ಯಾಲೆ ಉಚ್ಚೆ ಉಯ್ದ್ರೆ ಐಸ್ವರ್ಯ ಬತ್ತದೆ" ಎಂದಳು. ಆ ಲೆಕ್ಕದಲ್ಲಿ ನಮ್ಮ ಮಾರ್ಟ್‌ಗೇಜ್ ಆ ತಿಂಗಳೇ ತೀರಬೇಕಿತ್ತು. ಒಮ್ಮೆ ಮೀಟಿಂಗ್ ನಡೆಯುತ್ತಿರುವಾಗಲೇ ತೊಡೆಯ ಮೇಲೆ ಬೆಚ್ಚಗಾಯಿತು, ಅದೇ ಕ್ಷಣ ನಮ್ಮ ಮ್ಯಾನೇಜರ್ ಸಾಫ್ಟ್‌ವೇರಿನ ಮೆಮೊರಿ ಲೀಕ್ ಬಗ್ಗೆ, "ಸುರೇಶ್, ಲೀಕ್ ಇನ್ನೂ ಇದೆಯಾ?" ಎಂದು ಕೇಳಿದರು. "ಈಗಷ್ಟೇ ಆಯಿತು" ಎಂದೆ. ಅವರು ನನ್ನ ನಿಷ್ಠೆಯನ್ನು ಮೆಚ್ಚಿದರು. ಈ ಪ್ರಶ್ನೆ ಅದೇ ದಿನ ಬಂದಿತ್ತೋ, ಮಾರನೆಯ ದಿನ ಬಂದಿತ್ತೋ. ಹತ್ತಿರ ಹತ್ತಿರ ಇದ್ದದ್ದರಿಂದ ಕೂಡಿಸಿ ಹೇಳುತ್ತಿದ್ದೇನೆ.

ರಹಸ್ಯ ಒಡೆದವಳು ಶಶಿ. ಅಡುಗೆಮನೆಯಲ್ಲಿ ಬೇಳೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಹೊರಗೆ ಬಂದು ಕೇಳಿದಳು:

"ಮಗು ಕಿವೀಲಿ ಏನ್ ಹೇಳ್ತಾ ಇದ್ದೀಯಾ ನೀನು?"

"ಏನಿಲ್ವಲ್ಲ, ನೀನು ಹೇಳ್ಕೊಟ್ಟಿದ್ದೇ. ಸ್ಸ್ಸ್."

"ಅಯ್ಯೋ ದೇವರೇ! ಸ್ ಅಲ್ಲ ಕಣೋ, ಶ್!"

"ಅದೇ ಅಲ್ವಾ ಹೇಳಿದ್ದು? ಸ್."

"ಶ್!"

"ಸ್!"

ನಮ್ಮ ಈ ವಾಗ್ವಾದ ಮುಗಿಯುವ ಹೊತ್ತಿಗೆ ಪುಟ್ಟಿ ಇಬ್ಬರ ಮಾತಿಗೂ ಬೆಲೆಕೊಟ್ಟು, ಮೊದಲು ನನ್ನನ್ನು ನೆನೆಸಿ, ಆಮೇಲೆ ನಿದ್ದೆ ಹೋಗಿದ್ದಳು. ಲಾಂಡ್ರಿಯಿಂದ ಬಂದ ಅತ್ತೆ ವಿಷಯ ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಇಷ್ಟು ವರ್ಷ ನನ್ನ ಶಕಾರದ ಬಗ್ಗೆ ಅವರು ಪಟ್ಟ ಸಂಕಟಕ್ಕೆ ದೇವರು ಒಂದು ಕೂಸಿನ ಮೂಲಕ ನ್ಯಾಯ ಕೊಟ್ಟ ಹಾಗಿತ್ತು. "ನೋಡಿದ್ರಾ ಅಳಿಯಂದ್ರೇ, ನಿಮ್ಮ ಮಗಳಿಗೂ ಗೊತ್ತಾಗತ್ತೆ, ನಿಮಗೆ ಗೊತ್ತಾಗಲ್ಲ" ಎಂದರು.

ಮರುದಿನದಿಂದಲೇ ನನಗೆ ಪಾಠ. ಊಟವಾದ ಮೇಲೆ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಳ್ಳುವರು. "ನಾಲಗೆ ತುದೀನ ಹಲ್ಲಿಂದ ಬಿಡಿಸಿ. ಸ್ವಲ್ಪ ಹಿಂದಕ್ಕೆ. ಅಂಗುಳಕ್ಕೆ ಹತ್ತಿರ. ತುಟಿ ಸ್ವಲ್ಪ ಮುಂದೆ. ಈಗ ಹೇಳಿ, ಶಂಕರ." ನಾನು ಕಣ್ಣು ಮುಚ್ಚಿ, ಪ್ರಾಣಾಯಾಮದವನ ಹಾಗೆ ಉಸಿರೆಳೆದು, "ಸಂಕರ" ಎನ್ನುವೆ. "ಶಿವನನ್ನ ಬೆರಕೆ ಮಾಡ್ಬಿಟ್ರಲ್ರೀ!" ಎಂದು ಅವರು ಹಣೆ ಒತ್ತಿಕೊಳ್ಳುವರು. ನಾನು ನಾರ್ವೆಸ್ಟಿಗೆ ಕಾರು ಓಡಿಸುವಾಗಲೂ ಸಿಗ್ನಲ್ಲುಗಳಲ್ಲಿ ತುಟಿ ಮುಂದೆ ಮಾಡಿ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಕಾರಿನ ಹೆಂಗಸೊಬ್ಬರು ತಪ್ಪಾಗಿ ತಿಳಿದು ಗಾಜು ಏರಿಸಿಕೊಂಡರು. ಶ ಬರಲಿಲ್ಲ. ಕೊನೆಗೆ ಮನೆಯಲ್ಲಿ ತೀರ್ಮಾನವಾಯಿತು: ಮಗುವಿನ ಹತ್ತಿರ ನಾನು ಊಷ್ಮಾಕ್ಷರಗಳನ್ನೇ ಬಳಸಕೂಡದು. ಶ, ಷ, ಸ ಮೂರೂ ನಿಷೇಧ. ಸಾಕು, ಸುಮ್ಮನಿರು, ಸೊಸೈಟಿ, ಯಾವುದನ್ನೂ ಹೇಳುವಂತಿಲ್ಲ. ಹೆಂಡತಿಯನ್ನು ಕರೆಯುವಂತೆಯೂ ಇಲ್ಲ. ಸ್ವಂತ ಮನೆಯಲ್ಲಿ ನಾನು 'ಏ', 'ಇಲ್ಲಿ', 'ನೋಡು' ಎಂಬ ಮೂರು ಮಾತಿನ ಮನುಷ್ಯನಾದೆ.

ಹೀಗಿರುವಾಗ ಅತ್ತೆ ಮೆಲ್ಬರ್ನಿಗೆ ಹೋದರು. ಅಲ್ಲಿ ಪಾಯಿಂಟ್ ಕುಕ್‌ನಲ್ಲಿ ಅವರ ಮಗ, ಅಂದರೆ ಶಶಿಯ ತಮ್ಮ ಪ್ರಸನ್ನ ಇದ್ದಾನೆ. "ಅಮ್ಮ ಬಂದಿರೋದು ಆಸ್ಟ್ರೇಲಿಯಾಕ್ಕೆ, ಬರೀ ಸಿಡ್ನಿಗಲ್ಲ" ಎಂದು ಅವನು ವಾರಕ್ಕೊಮ್ಮೆ ಫೋನಿನಲ್ಲಿ ಜ್ಞಾಪಿಸುತ್ತಿದ್ದ. ಅತ್ತೆ ಹೋಗುವಾಗ ಪುಟ್ಟಿಯ ಕೆನ್ನೆ ಮುಟ್ಟಿ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ, "ಅಭ್ಯಾಸ ಬಿಡ್ಬೇಡಿ" ಎಂದರು.

ಅವರು ಹೋದ ಮೇಲಿನ ಒಂದು ಭಾನುವಾರ ಪುಟ್ಟಿಗೆ ಜ್ವರ ಬಂತು. ಇಲ್ಲಿ ಸ್ವಲ್ಪ ಹೊತ್ತು ನನ್ನ ತಮಾಷೆ ಕೆಲಸ ಮಾಡುವುದಿಲ್ಲ. ಮೂರು ತಿಂಗಳು ತುಂಬದ ಕೂಸಿಗೆ ಮೈ ಸುಟ್ಟರೆ ಕಾಯಬೇಡಿ, ನೇರವಾಗಿ ಆಸ್ಪತ್ರೆಯ ಎಮರ್ಜೆನ್ಸಿಗೆ ಬನ್ನಿ ಎಂದು ಎಲ್ಲರೂ ಹೇಳಿಟ್ಟಿದ್ದರು. ಬೆಳಿಗ್ಗೆ ಹಾಲು ಬೇಡವೆಂದವಳು ಮಧ್ಯಾಹ್ನಕ್ಕೆ ಕಾವಲಿಯ ಹಾಗಾದಳು. ಅಳುವುದನ್ನೂ ಬಿಟ್ಟಳು. ಅಳುವ ಮಗುವಿಗೆ ಹೆದರಿದ್ದ ನಾನು ಅಳದ ಮಗುವಿಗೆ ಎಷ್ಟು ಹೆದರಬಹುದೆಂದು ಅಂದೇ ತಿಳಿದದ್ದು. ದಾರಿಯಲ್ಲಿ ನಾನು ಯಾವ ಸಿಗ್ನಲ್‌ನಲ್ಲಿ ನಿಂತೆ, ಎಲ್ಲಿ ಕಾರು ನಿಲ್ಲಿಸಿದೆ ಒಂದೂ ನೆನಪಿಲ್ಲ. ಈ ಒಂದು ಮರೆವನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ.

ಡಾಕ್ಟರ್ ಒಬ್ಬ ಎಳೆಯ ಹುಡುಗ, ತಾಳ್ಮೆಯಿಂದ ಹೇಳಿದ. ಎದೆ, ಕಿವಿ, ಗಂಟಲು ಸರಿಯಿದೆ. ಸೋಂಕು ಮೂತ್ರದಲ್ಲಿ ಇರಬಹುದು. ಔಷಧ ಶುರು ಮಾಡುವ ಮೊದಲು ಮೂತ್ರದ ಸ್ಯಾಂಪಲ್ ಬೇಕು, ಅದೂ ಚೊಕ್ಕಟವಾಗಿರಬೇಕು. ನ್ಯಾಪಿಯಿಂದ ಹಿಂಡಿದ್ದು ನಡೆಯದು. ಬೀಳುವಾಗಲೇ ಡಬ್ಬಿಯಲ್ಲಿ ಹಿಡಿಯಬೇಕು. "ಸ್ವಲ್ಪ ಹೊತ್ತು ಕಾಯೋಣ. ಬರದಿದ್ದರೆ ಸಣ್ಣ ನಳಿಗೆಯೊಂದನ್ನು ಒಳಗೆ ಹಾಕಿ ತೆಗೆಯುತ್ತೇವೆ. ಔಷಧಕ್ಕೆ ಬಹಳ ತಡಮಾಡುವಂತಿಲ್ಲ." ನಳಿಗೆ ಎಂಬ ಮಾತು ಕೇಳಿದ್ದೇ ಶಶಿ ನನ್ನ ತೋಳು ಹಿಡಿದುಕೊಂಡಳು. ಉಗುರು ಇಳಿದದ್ದು ನನಗೆ ಮನೆಗೆ ಬಂದ ಮೇಲೆ ಗೊತ್ತಾಯಿತು.

ಟ್ರೇಸಿ ಎಂಬ ನರ್ಸ್ ಹಳದಿ ಮುಚ್ಚಳದ ಡಬ್ಬಿಯೊಂದನ್ನು ನನ್ನ ಕೈಗೆ ಕೊಟ್ಟು, ಪುಟ್ಟಿಯ ಲಂಗೋಟಿ ಬಿಚ್ಚಿ, ಕಿಬ್ಬೊಟ್ಟೆಯ ಮೇಲೆ ತಣ್ಣೀರಿನ ಹತ್ತಿಯನ್ನು ವೃತ್ತಾಕಾರವಾಗಿ ಸವರುತ್ತ, "ಕೆಲವರು ಇದಕ್ಕೆ ಬೇಗ ಕೊಡುತ್ತಾರೆ, ಕೆಲವರು ನಮ್ಮನ್ನು ಕುಣಿಸುತ್ತಾರೆ" ಎಂದರು. ಪರದೆಯ ಆಚೆ ಇನ್ನೊಬ್ಬ ತಂದೆ, ರಸ್ತೆ ಕೆಲಸದವರ ಹಳದಿ ಜಾಕೆಟ್ ಹಾಕಿದ ಆಜಾನುಬಾಹು, ತನ್ನ ಮಗನ ಮುಂದೆ ಅಂಥದೇ ಡಬ್ಬಿ ಹಿಡಿದು ಕೂತಿದ್ದ. ಇಬ್ಬರೂ ಭಿಕ್ಷಾಪಾತ್ರೆ ಹಿಡಿದ ಜಂಗಮರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡೆವು. "ಬೆಳಿಗ್ಗೆಯಿಂದ ಕೂತಿದ್ದೀನಿ ಮೇಟ್" ಎಂದ ಅವನು. ನನ್ನ ಅಂಗಿ, ಪ್ಯಾಂಟು, ಲ್ಯಾಪ್‌ಟಾಪಿನ ಕೀಲಿಮಣೆ ಯಾವುದನ್ನೂ ಬಿಡದೆ ನೆನೆಸಿದ ನನ್ನ ಮಗಳು, ಬೇಕೆಂದಾಗ ಒಂದು ಹನಿ ಕೊಡುತ್ತಿಲ್ಲ.

ಶಶಿಯೇ ಹೇಳಿದಳು: "ಅಮ್ಮಂಗೆ ವಿಡಿಯೋ ಕಾಲ್ ಮಾಡು."

ಪಾಯಿಂಟ್ ಕುಕ್‌ನಲ್ಲಿ ಅತ್ತೆ ಫೋನೆತ್ತಿದರು. ವಿಷಯ ಕೇಳಿ ಅಳು ನುಂಗಿಕೊಂಡರು. "ಫೋನ್‌ನ ಮಗು ಹತ್ತಿರ ಹಿಡೀರಿ" ಎಂದು, ಕ್ಯಾಮೆರಾದ ಮುಂದೆ ಮುಖ ತಂದು, ತುಟಿ ಅಗಲಿಸಿದರು. ಹಲ್ಲು ಕಂಡಿತು. ಕುತ್ತಿಗೆಯ ನರ ಕಂಡಿತು. ಸದ್ದು ಮಾತ್ರ ಬರಲಿಲ್ಲ.

"ಕೇಳಿಸ್ತಿಲ್ಲ ಅಮ್ಮಾ!" ಎಂದಳು ಶಶಿ.

"ಇಷ್ಟು ಜೋರಾಗಿ ಹೇಳ್ತಾ ಇದ್ದೀನಲ್ಲೇ!"

ಈ ಮಾತು ಸ್ಪಷ್ಟವಾಗಿ ಕೇಳಿಸಿತು. ಮತ್ತೆ ತುಟಿ ಅಗಲಿಸಿದರು. ಮತ್ತೆ ಮೌನ. ಹಿಂದಿನಿಂದ ಪ್ರಸನ್ನನ ದನಿ ಬಂತು: "ಅಮ್ಮಾ, ಮ್ಯೂಟ್ ಆಗಿದೆಯೇನೋ ನೋಡು."

"ಮ್ಯೂಟೂ ಇಲ್ಲ ನಿನ್ನ ತಲೇನೂ ಇಲ್ಲ, ಸುಮ್ನಿರೋ!"

ಆಗ ನನಗೆ ಹೊಳೆಯಿತು, ಹೊಳೆದದ್ದಕ್ಕೆ ಅಳು ಬಂತು. ಫೋನಿನೊಳಗಿನ ಸಾಫ್ಟ್‌ವೇರ್ ಮನುಷ್ಯರ ಮಾತನ್ನು ಉಳಿಸಿಕೊಂಡು, ಫ್ಯಾನು, ಗಾಳಿ, ಕುಕ್ಕರುಗಳ ಸದ್ದನ್ನು ಸೋಸಿ ಎಸೆಯುತ್ತದೆ. ಅತ್ತೆಯ ಶುದ್ಧ ದಂತ್ಯ ಸಕಾರವನ್ನು ಅದು ಕುಕ್ಕರಿನ ಲೆಕ್ಕಕ್ಕೆ ಸೇರಿಸಿತ್ತು. ವರ್ಷಗಟ್ಟಲೆ ಉಚ್ಚಾರಣೆ ಕಲಿಸಿದ ಟೀಚರನ್ನು ಒಂದು ಯಂತ್ರ ಗದ್ದಲವೆಂದು ತಳ್ಳಿಹಾಕಿತ್ತು. ಇದನ್ನು ಅವರಿಗೆ ವಿವರಿಸಿದೆ. ಅವರು ಕ್ಯಾಮೆರಾದಿಂದ ಮುಖ ಹಿಂದಕ್ಕೆ ತೆಗೆದರು.

"ಹಾಗಾದ್ರೆ ನೀವೇ ಹೇಳಿ."

"ನಾನಾ?"

"ಮತ್ತೆ ಇನ್ಯಾರು? ನಿಮ್ಮ ಬಾಯಲ್ಲಿ ಬರೋದು ಅದೊಂದೇ ತಾನೆ!"

ಇಡೀ ಜೀವನದಲ್ಲಿ ನಾನು ಬೇಡವೆಂದರೂ ಬರುತ್ತಿದ್ದ ಅಕ್ಷರ. ಪುಟ್ಟಿಯನ್ನು ಅತ್ತೆ ಹಿಡಿಯುವ ಹಾಗೆಯೇ ಹಿಡಿದೆ. ಶಶಿ ಡಬ್ಬಿ ಹಿಡಿದಳು. ಟ್ರೇಸಿ ಹತ್ತಿ ಬಿಟ್ಟು ಕುತೂಹಲದಿಂದ ನಿಂತರು. ಪರದೆಯಾಚೆಯವನು ಪರದೆ ಸರಿಸಿದ. ಫೋನಿನಲ್ಲಿ ಅತ್ತೆ, ಅವರ ಭುಜದ ಹಿಂದಿನಿಂದ ಇಣುಕುವ ಪ್ರಸನ್ನ. ನಾನು ಉಸಿರೆಳೆದೆ, ಬಾಯಿ ತೆರೆದೆ, ಮತ್ತು ನನ್ನ ಬಾಯಿಂದ, ಹುಟ್ಟಿದಂದಿನಿಂದ ಮೊದಲ ಬಾರಿಗೆ, ಗಂಗೋತ್ರಿಯಷ್ಟು ನಿರ್ಮಲವಾದ, ತಾಲವ್ಯವಾದ, ಪರಿಪೂರ್ಣ ಶಕಾರ ಹೊರಟಿತು.

"ಶ್ಶ್ಶ್ಶ್."

ಪುಟ್ಟಿ ಆಕಳಿಸಿದಳು. ರೆಪ್ಪೆ ಭಾರವಾಯಿತು.

"ಈಗ್ಲಾ?" ಎಂದಳು ಶಶಿ. ಅವಳ ದನಿಯಲ್ಲಿ ನಗುವಿತ್ತೋ ಅಳುವಿತ್ತೋ, ಅವಳನ್ನು ಕೇಳಿದರೆ ತಾನು ಏನನ್ನೂ ಹೇಳಲೇ ಇಲ್ಲ ಎನ್ನುತ್ತಾಳೆ. ಫೋನಿನಲ್ಲಿ ಅತ್ತೆ, "ಬಂತು! ಶ ಬಂತು!" ಎಂದು ಅರೆಕ್ಷಣ ಮೊಮ್ಮಗಳನ್ನೂ ಮರೆತು ಟೀಚರಾದರು. ಮತ್ತೆ ಪ್ರಯತ್ನಿಸಿದೆ. ಮತ್ತೂ ಶ. ಊಟವಾದ ಮೇಲಿನ ಆ ಪಾಠಗಳೆಲ್ಲ ಎಲ್ಲೋ ಒಳಗೆ ಕೂತಿದ್ದು, ಗಾಬರಿಯ ಹೊತ್ತು ನೋಡಿ ಎದ್ದು ಬಂದಿದ್ದವು. ಪುಟ್ಟಿ ನಿದ್ದೆಗೆ ಜಾರುತ್ತಿದ್ದಳು. ದೂರದಲ್ಲಿ ಡಾಕ್ಟರ್ ಗಡಿಯಾರ ನೋಡಿ ಈ ಕಡೆ ಹೊರಟದ್ದು ಕಾಣಿಸಿತು.

ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆಯನ್ನು ಮರೆಯಬೇಕು. ನಾಲಗೆಯನ್ನು ಊರಿಗೆ ಕಳಿಸಬೇಕು. ಗಟ್ಟಿಯಾಗಿಯೇ ಹೇಳಿಕೊಳ್ಳತೊಡಗಿದೆ: "ಸನಿವಾರ... ಸಾಂತಮ್ಮ... ಸಾಲೆ... ಸುಕ್ರವಾರ ಸಿವನ್ ಗುಡಿ..." ಟ್ರೇಸಿ ನಾನು ಪ್ರಾರ್ಥಿಸುತ್ತಿದ್ದೇನೆಂದು ತಿಳಿದು ತಲೆ ಬಗ್ಗಿಸಿದರು. ಅದು ಪ್ರಾರ್ಥನೆಯೇ ಆಗಿತ್ತು. ನಾಲಗೆ ಮೆಲ್ಲಗೆ ಮುಂದೆ ಬಂದು, ಹಲ್ಲಿನ ಹಿಂದೆ ತನ್ನ ಹಳೆಯ ಜಗುಲಿಯ ಮೇಲೆ ಕೂತಿತು.

"ಸ್ಸ್ಸ್ಸ್ಸ್ಸ್..."

ಪುಟ್ಟಿ ಕಣ್ಣು ತೆರೆದಳು. ನನ್ನನ್ನು ನೋಡಿದಳು. ಒಂದು ಕ್ಷಣ ಗಂಭೀರಳಾದಳು. ಆ ಗಾಂಭೀರ್ಯ ನನಗೆ ಚೆನ್ನಾಗಿ ಗೊತ್ತು; ನನ್ನ ಎಷ್ಟೋ ಅಂಗಿಗಳು ಅದನ್ನು ಕಂಡಿದ್ದವು. ಡಬ್ಬಿಯಲ್ಲಿ ಟಪ್ ಎಂದಿತು. ಆಮೇಲೆ ಧಾರೆ. ಶಶಿ ಹಿಡಿದ ಡಬ್ಬಿ ಅಲುಗಲಿಲ್ಲ. "ಸಾಕು, ಸಾಕು!" ಎಂದು ಟ್ರೇಸಿ ಇಂಗ್ಲಿಷಿನಲ್ಲಿ ಕೂಗಿದರು, ಪುಟ್ಟಿಗೆ ಸಾಕಾಗಿರಲಿಲ್ಲ. ತುಂಬಿ ಮಿಕ್ಕಿದ್ದು ಟ್ರೇಸಿಯ ತೋಳಿನ ಮೇಲೆ, ಅಲ್ಲಿಂದ ಅದೇ ತಾನೆ ಬಂದು ನಿಂತ ಡಾಕ್ಟರ ಬೂಟಿನ ಮೇಲೆ. ಆ ಎಮರ್ಜೆನ್ಸಿ ವಾರ್ಡಿನಲ್ಲಿ ಚಪ್ಪಾಳೆ ಬಿತ್ತು. ಬಿದ್ದಿತೇ? ನನ್ನ ನೆನಪಿನಲ್ಲಿ ಬಿದ್ದಿದೆ. ಪರದೆಯಾಚೆಯವನಂತೂ ಖಂಡಿತ ತಟ್ಟಿದ. ಪಾಯಿಂಟ್ ಕುಕ್‌ನಿಂದಲೂ ಚಪ್ಪಾಳೆ ಬಂದಿರಬೇಕು, ಸಾಫ್ಟ್‌ವೇರ್ ಅದನ್ನೂ ಸೋಸಿಬಿಟ್ಟಿತು. ಶಶಿ ಡಬ್ಬಿಯನ್ನು ಟ್ರೇಸಿಗೆ ಕೊಟ್ಟು, ನನ್ನ ಹೆಗಲಿಗೆ ಹಣೆಯಿಟ್ಟು, ಅಷ್ಟು ಹೊತ್ತು ತಡೆದುಕೊಂಡಿದ್ದನ್ನೆಲ್ಲ ಅತ್ತಳು. ಒಂದು ಕಡೆ ತಾಯಿ, ಇನ್ನೊಂದು ಕಡೆ ಮಗಳು. ನನ್ನ ಅಂಗಿಗೆ ಅಂದು ಎರಡೂ ಕಡೆಯಿಂದ ತೀರ್ಥ.

ಹಳದಿ ಜಾಕೆಟ್ಟಿನವನು ಎದ್ದು ಬಂದು, "ಮೇಟ್, ನಮ್ಮವನಿಗೂ ಒಂದು ಸಲ ಮಾಡಿಬಿಡು" ಎಂದು ಬೇಡಿಕೊಂಡ. ವಿಜಯೋತ್ಸಾಹದಲ್ಲಿದ್ದ ನಾನು ಅವನ ಮಗನ ಮುಂದೆ ಬಗ್ಗಿ ನನ್ನ ಅತ್ಯುತ್ತಮ ಸಕಾರವನ್ನು ಹೊರಡಿಸಿದೆ. ಆ ಹುಡುಗ ನನ್ನ ಗಡ್ಡ ನೋಡಿ ಕಿರುಚಿಕೊಂಡ. ಅವನಿಗೆ ಕೊನೆಗೆ ಒಲಿದದ್ದು ಟ್ರೇಸಿಯ ತಣ್ಣೀರಿನ ಹತ್ತಿ. ಪ್ರತಿ ಶಂಖಕ್ಕೂ ಅದರದೇ ಊದುವ ರೀತಿ.

ಡಾಕ್ಟರ್ ಶಂಕಿಸಿದ ಹಾಗೆ ಸೋಂಕು ಮೂತ್ರದಲ್ಲೇ ಇತ್ತು. ಆ ಸಂಜೆಯೇ ಔಷಧ ಶುರುವಾಯಿತು. ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮನೆಗೆ ಕಳಿಸಿದರು. ಪುಟ್ಟಿ ಮತ್ತೆ ಹಾಲಿಗೆ ಅತ್ತಾಗ ನಮಗಿಬ್ಬರಿಗೂ ಆದಷ್ಟು ಸಂತೋಷ ಇಲ್ಲೇ ಕಾಯಂ ನೆಲೆಸುವ ಅನುಮತಿ, ಪಿಆರ್, ಬಂದಾಗಲೂ ಆಗಿರಲಿಲ್ಲ. ಕಥೆ ನಮಗಿಂತ ಮೊದಲು ಊರು ಸುತ್ತಿತು. ಪಾಯಿಂಟ್ ಕುಕ್ಕಿನಲ್ಲಿ ಚಾಲ್ತಿಯಲ್ಲಿರುವ ಕಥೆಯ ಪ್ರಕಾರ ಅತ್ತೆ ಮೆಲ್ಬರ್ನಿನಿಂದಲೇ ಫೋನಿನಲ್ಲಿ ಸದ್ದು ಮಾಡಿ, ಸಿಡ್ನಿಯಲ್ಲಿ ಮಗು ಉಚ್ಚೆ ಮಾಡಿತು. ನಾನು ತಿದ್ದಲು ಹೋಗಿಲ್ಲ. ನನ್ನ ಕಥೆಯಲ್ಲೂ ಚಪ್ಪಾಳೆ ಇದೆಯಲ್ಲ.

ಮನೆಗೆ ಬಂದ ಮೇಲೆ ಶಶಿ ಹೇಳಿದಳು: "ಆಸ್ಪತ್ರೇಲಿ ಶ ಬಂತಲ್ಲ ನಿಂಗೆ? ಇನ್ಮೇಲೆ ಮಲಗ್ಸೋದು ನಿಂದೇ."

"ಅದು ಗಾಬರೀಲಿ ಬಂದಿದ್ದು. ನೋಡು ಬೇಕಾದ್ರೆ, ಸಂಕರ. ಸಾಂತಿ. ಸಸಿ."

ಅವಳು ನಿಟ್ಟುಸಿರಿಟ್ಟು, "ಸರಿ ಬಿಡು, ನೀನು ಉಚ್ಚೆ ಡಿಪಾರ್ಟ್‌ಮೆಂಟ್ ನೋಡ್ಕೋ" ಎಂದಳು. ಅಂದಿನಿಂದ ಆ ಖಾತೆಗೆ ನಾನೇ ಮಂತ್ರಿ. ಗೌರವದ ಹುದ್ದೆ, ಕೆಲಸ ಬೇಗ ಮುಗಿಯುತ್ತದೆ, ಗಂಟೆಗಟ್ಟಲೆ ಬೆನ್ನು ತಟ್ಟುತ್ತ ನಡುಮನೆಯಿಂದ ಕೋಣೆಗೆ, ಕೋಣೆಯಿಂದ ನಡುಮನೆಗೆ ತಿರುಗಾಡುವ ಪಾಡಿಲ್ಲ.

ಮೊನ್ನೆ ಶಶಿ ಸ್ನಾನಕ್ಕೆ ಹೋಗಿದ್ದಾಗ ಪುಟ್ಟಿ ನನ್ನ ತೊಡೆಯ ಮೇಲೆ ನಿದ್ದೆಗಣ್ಣಿನಲ್ಲಿ ರಚ್ಚೆ ಹಿಡಿದಳು. ನಾನು ಯೋಚಿಸದೆ ಬೆನ್ನು ತಟ್ಟಿ 'ಶ್ಶ್ಶ್' ಎಂದೆ. ಅಪ್ಪಟ ಶ. ಪುಟ್ಟಿ ಹೂವಿನ ಹಾಗೆ ನಿದ್ದೆ ಹೋದಳು. ನಾನು ಬೆವತೆ. ಇದು ಗೊತ್ತಾದರೆ ನನ್ನ ಮುಂದಿನ ಎರಡು ವರ್ಷಗಳು ಮುಗಿದ ಹಾಗೆಯೇ. ಬಚ್ಚಲಿನ ಬಾಗಿಲು ತೆರೆದ ಸದ್ದಾಯಿತು. ಸಾಕ್ಷ್ಯ ನಾಶವಾಗಬೇಕಿತ್ತು. ಮಗಳ ಕಿವಿಯ ಹತ್ತಿರ ಬಗ್ಗಿ, ಪಿಸುದನಿಯಲ್ಲಿ, ನನ್ನ ಹಳೆಯ ಸಕಾರವನ್ನು ಉಸುರಿದೆ. ಅವಳು ನಿದ್ದೆಯಲ್ಲೇ ಅಪ್ಪನ ಮಾತು ನಡೆಸಿಕೊಟ್ಟಳು.

"ಅಯ್ಯೋ, ಮತ್ತೆ ಒದ್ದೆ ಮಾಡಿಸ್ಕೊಂಡ್ಯಾ?" ಎಂದಳು ಶಶಿ, ತಲೆಗೆ ಟವೆಲ್ ಸುತ್ತಿಕೊಂಡು ಬಂದು. "ನಿಂಗೆ ಶ ಯಾವತ್ತೂ ಬರಲ್ಲ ಬಿಡು."

"ಬರಲ್ಲ" ಎಂದೆ ನಾನು, ಪ್ಯಾಂಟಿನಿಂದ ಹನಿ ತೊಟ್ಟಿಕ್ಕುತ್ತಿರಲು, ಗೆದ್ದ ರಾಜನ ಹಾಗೆ ಕೂತು.